ತವರಿನಲ್ಲಿ ಆಗಿದೆ

ಮಸೂತಿ ಎಂಬ ಹಳ್ಳಿಯಲ್ಲಿ ಗುರುವಾರವೆಂದರೆ ರೇವವ್ವನ ವಾರ. ಅಂಗನವಾಡಿಯಲ್ಲಿ ಕೂಸುಗಳಿಗೆ ಸೂಜಿ ಹಾಕುವ ದಿನ ಅದು. ಆಶಾ ಕಾರ್ಯಕರ್ತೆ ರೇವವ್ವ ಗುಲಾಬಿ ಸೀರೆ ಉಟ್ಟು, ಹೆಗಲಿಗೆ ಚೀಲ ಏರಿಸಿ ಓಣಿಗೆ ಇಳಿದಳೆಂದರೆ ಕೈಗೂಸಿರುವ ಮನೆಯವರು ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಏಳಬೇಕು. ಏಳದಿದ್ದರೆ ಅವಳು ಅವರ ಕಟ್ಟೆಯ ಮೇಲೆ ಕೂತೇಬಿಡುವಳು. ಹೋಗಿಬರುವವರೆಲ್ಲ ‘ಏನಾತು ರೇವಕ್ಕ?’ ಎಂದು ಕೇಳುವರು, ಅವಳೋ ಹೇಳಲು ನಾಚುವವಳಲ್ಲ. ಹನ್ನೆರಡು ವರ್ಷದಲ್ಲಿ ಅವಳೆದುರು ವಾದ ಮಾಡಿ ಗೆದ್ದ ಅಜ್ಜಿ ಮಸೂತಿಯಲ್ಲಿ ಒಬ್ಬಳೂ ಇಲ್ಲ.

ಬಾಯಿ ಅಂಥದು. ಐದು ರೋಗಕ್ಕೆ ಒಂದೇ ಸೂಜಿ ಬಂದಾಗ ಊರ ಹೆಂಗಸರು ಹೆದರಿ, "ಐದು ಔಷಧ ಒಂದ ಸೀಸೆದಾಗ ಹಾಕಿದ್ರ ಒಂದಕ್ಕೊಂದು ಜಗಳಾಡಂಗಿಲ್ಲೇನ?" ಎಂದು ಕೇಳಿದ್ದರು. ರೇವವ್ವ ಥಟ್ಟನೆ, "ನಿನ್ನ ಸಾರಿನ್ಯಾಗ ಎಂಟು ಮಸಾಲಿ ಅದಾವು, ಅವೇನು ಜಗಳಾಡ್ತಾವ? ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಕಾಮಣಿ, ಮಿದುಳಿಗಿ ಏರೂ ಜ್ವರ, ಒಂದೊಂದಕ್ಕ ಒಂದೊಂದು ಸೂಜಿ ಅಂದ್ರ ಕೂಸಿನ ತೊಡಿ ಎಷ್ಟ ಸಲ ಚುಚ್ಚಬೇಕು ಹೇಳು" ಎಂದಿದ್ದಳು. ಸೂಜಿಯಾದ ಮರುದಿನ ಯಾರಾದರೂ ‘ಕೂಸಿಗೆ ಜ್ವರ’ ಎಂದು ಬಂದರೆ ಅದಕ್ಕೂ ಸಿದ್ಧ ಉತ್ತರ ಇತ್ತು: "ಜ್ವರ ಬಂದ್ರ ಸೂಜಿ ಹತ್ತೇತಿ ಅಂತ ತಿಳಿ." ಸೂಜಿ ಮೈಗೆ ಹಿಡಿದಿದೆ ಎಂಬ ಈ ಮಾತು ಊರಲ್ಲಿ ಎಷ್ಟು ಬಳಕೆಯಾಯಿತೆಂದರೆ, ಬೈದದ್ದಕ್ಕೆ ಸೊಸೆ ಮುಖ ಊದಿಸಿಕೊಂಡರೆ ಅತ್ತೆಯರೂ ಅದನ್ನೇ ಹೇಳಿ ನಗತೊಡಗಿದ್ದರು.

ಎದುರುಮನೆಯ ಮಾಬುಬಿಯ ಹತ್ತಿರವಂತೂ ರೇವವ್ವ ದೊಡ್ಡ ಜಗಳವನ್ನೇ ಆಡಿದ್ದಳು. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯಾಗಿ ಬಂದವರು. ಉಪ್ಪಿನಕಾಯಿಯಿಂದ ಹಿಡಿದು ಗಂಡಂದಿರ ಮೇಲಿನ ದೂರಿನವರೆಗೆ ಎಲ್ಲವೂ ಈ ಮನೆಯಿಂದ ಆ ಮನೆಗೆ ಹೋಗಿಬರುತ್ತಿತ್ತು. ಮೂರು ವರ್ಷದ ಕೆಳಗೆ ಮಾಬುಬಿಯ ಮಗಳು ಆಫ್ರೀನ ತನ್ನ ಮೊದಲ ಮಗ ಯುನೂಸನನ್ನು ತವರಿನಲ್ಲಿ ಹೆತ್ತಾಗ, ಮೊದಲ ಸೂಜಿಗೆ ಅವನಿಗೆ ಮೈ ಸುಡುವ ಜ್ವರ ಬಂತು, ತೊಡೆ ಗಂಟುಕಟ್ಟಿತು. ಎರಡನೆಯದಕ್ಕೆ ಒಯ್ಯುವುದಿಲ್ಲವೆಂದು ಮಾಬುಬಿ ಬಾಗಿಲು ಹಾಕಿಕೊಂಡಳು. ರೇವವ್ವ ಕಟ್ಟೆ ಬಿಡಲಿಲ್ಲ. ಮಧ್ಯಾಹ್ನದ ಊಟವನ್ನೂ ಅಲ್ಲಿಗೇ ತರಿಸಿಕೊಂಡಳು. ಕೊನೆಗೆ ಮಾಬುಬಿಯೇ ಸೋತು, "ನಿನ್ನ ಮಾರಿ ನೋಡಿ ಒಯ್ಯಾಕತ್ತೇನಿ ನೋಡ ರೇವಕ್ಕ" ಎಂದು ಕೂಸನ್ನು ಎತ್ತಿಕೊಂಡಿದ್ದಳು. ಯುನೂಸನಿಗೆ ಎಲ್ಲ ಸೂಜಿಗಳೂ ವೇಳೆಗೆ ಸರಿಯಾಗಿ ಆದವು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಮುಂದೆ ಇವಳು ಮಾಡಿದ್ದನ್ನು ತಿಳಿಯದೆ ಮಾಡಿದಳು ಎಂದು ಯಾರೂ ಹೇಳಬಾರದು. ತಿಳಿದೇ ಮಾಡಿದಳು.

ರೇವವ್ವನ ಒಬ್ಬನೇ ಮಗ ಅರುಣಕುಮಾರನಿಗೆ ಮುಳವಾಡ ಏತ ನೀರಾವರಿಯ ಪಂಪ್‌ಹೌಸಿನಲ್ಲಿ ಕೆಲಸ. ಸೊಸೆ ಕಾವೇರಿ ಮುದ್ದೇಬಿಹಾಳದ ಕಡೆಯವಳು, ಪಿಯುಸಿ ಓದಿದವಳು. ಮದುವೆಯಾಗಿ ಆರು ವರ್ಷಕ್ಕೆ ಹುಟ್ಟಿದ ಕೂಸು ಸಿದ್ಧರಾಮ. ಪದ್ಧತಿಯಂತೆ ಹೆರಿಗೆ ತವರಿನಲ್ಲಾಯಿತು, ಬಾಣಂತನ ಐದು ತಿಂಗಳು ಅಲ್ಲೇ. ಆರನೇ ವಾರದ ಸೂಜಿಗೆ ರೇವವ್ವ ತಾನೇ ಬಸ್ಸು ಹತ್ತಿ ಹೋದಳು. ಅಲ್ಲಿಯ ನರ್ಸಿಗೆ, "ನಾನೂ ಆಶಾನ ಅದೇನ್ರಿ, ಕಾಲು ನಾ ಹಿಡೀತೇನಿ" ಎಂದು ಗತ್ತಿನಿಂದ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡಳು.

ಮರುದಿನ ಸಿದ್ಧರಾಮನಿಗೆ ಜ್ವರ ಬಂತು. ಸಣ್ಣ ತೊಡೆ ಕೆಂಪಗೆ ಉಬ್ಬಿತು. ಬೆಳಗಿನಿಂದ ಸಂಜೆಯ ತನಕ ಅವನು ಒಂದೇ ಸಮನೆ ಕಿರುಚಿದ. ಇಂಥ ಅಳುವನ್ನು ರೇವವ್ವ ನೂರು ಸಲ ಕೇಳಿದ್ದಳು, ಮಂದಿಯ ಮನೆಯಲ್ಲಿ. ಚೀಲದಲ್ಲಿದ್ದ ಜ್ವರದ ಔಷಧಿಯನ್ನು ತೆಗೆದು ಹನಿ ಎಣಿಸಲು ಹೋದರೆ ಎಣಿಕೆಯೇ ತಪ್ಪಿತು. ಮೂರನೆಯ ದಿನಕ್ಕೆ ಕೂಸು ನಗುನಗುತ್ತ ಕಾಲು ಬಡಿಯುತ್ತಿತ್ತು, ಆದರೆ ಅಜ್ಜಿಯ ಎದೆಯೊಳಗೆ ಹೊಕ್ಕ ಹೆದರಿಕೆ ಇಳಿಯಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಅದು ಹೀಗೇ ಶುರುವಾಗುವುದು.

ಹತ್ತನೆಯ ವಾರಕ್ಕೆ ಕಾವೇರಿ ಫೋನು ಮಾಡಿ, "ಅತ್ತಿ, ಎರಡನೇ ಸೂಜಿ ನಾಡದು ಐತ್ರಿ" ಎಂದಳು.

"ಅಲ್ಲಿ ಬ್ಯಾಡವಾ. ಇಲ್ಲಿಗೆ ಬಂದ ಮ್ಯಾಲೆ ನಾನ ಹಾಕಿಸ್ತೇನಿ. ಅಲ್ಲೀ ಸಿಸ್ಟರಗೂ ಹಂಗ ಹೇಳು" ಎಂದಳು ರೇವವ್ವ.

ಅತ್ತೆಯೇ ಆಶಾ ಎಂದ ಮೇಲೆ ತವರಿನ ಕಡೆಯವರು ಯಾಕೆ ಕೇಳುತ್ತಾರೆ? ‘ಮಸೂತಿಯಲ್ಲಿ ಹಾಕಿಸುತ್ತಾರೆ’ ಎಂದು ಅವರು ಬಿಟ್ಟರು. ಐದು ತಿಂಗಳಿಗೆ ಕೂಸು ತೊಟ್ಟಿಲು ಸಮೇತ ಮಸೂತಿಗೆ ಬಂತು. ಮೊದಲ ಗುರುವಾರ ನರ್ಸ್ ಪ್ರಿಯದರ್ಶಿನಿ ಪಟ್ಟಿ ಬಿಚ್ಚಿ, "ರೇವಕ್ಕ, ನಿಮ್ಮ ಮೊಮ್ಮಗಂದು ಎರಡು, ಮೂರು ಬಾಕಿ ಕಾಣ್ತಾವಲ್ರಿ?" ಎಂದು ಕೇಳಿದಳು.

"ತವರಿನ್ಯಾಗ ಆಗ್ಯಾವ್ರಿ ಸಿಸ್ಟರ್."

"ತಾಯಿ ಕಾರ್ಡು?"

"ಅಲ್ಲೇ ಉಳದೈತಿ. ತರಸ್ತೇನ್ರಿ."

ಪ್ರಿಯದರ್ಶಿನಿ ಬರೆದುಕೊಂಡಳು. ಬೇರೆ ಯಾರೇ ಆಗಿದ್ದರೂ ಸೂಜಿಗಳ ಲೆಕ್ಕವಿರುವ ಆ ಕಾರ್ಡು ನೋಡದೆ ಬಿಡುವವಳಲ್ಲ, ಆದರೆ ರೇವಕ್ಕನ ಮಾತಿಗೆ ಸಾಕ್ಷಿ ಕೇಳುವುದುಂಟೇ? ಮನೆಯಲ್ಲಿ ಕಾವೇರಿ ಕೇಳಿದಾಗ ರೇವವ್ವ ಇನ್ನೊಂದು ಸುಳ್ಳು ಹೇಳಿದಳು: "ಕೂಸಿಗೆ ಜ್ವರ ಜಾಸ್ತಿ ಬಂದಿತ್ತಲ್ಲ, ಸದ್ಯಕ್ಕ ಬ್ಯಾಡ, ಮುಂದ ನೋಡೂಣು ಅಂದಾರ ಸಿಸ್ಟರ್." ತಾಯಿ ಕಾರ್ಡು ಎಲ್ಲಿಯೂ ಉಳಿದಿರಲಿಲ್ಲ. ರೇವವ್ವನ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ ಇತ್ತು. ಎರಡೂರಿನ ನಡುವೆ ಎರಡು ಸೂಜಿ ಕಾಣೆಯಾದವು, ಕದ್ದವಳು ಇವಳೇ. ಪ್ರತಿ ವಾರವೂ ‘ಬರುವ ಗುರುವಾರ ಹಾಕಿಸಿಬಿಡುತ್ತೇನೆ’ ಎಂದುಕೊಳ್ಳುವಳು. ಹಾಕಿಸಬೇಕೆಂದರೆ ಸುಳ್ಳು ಹೇಳಿದ್ದೆ ಎಂದು ಮೊದಲು ಒಪ್ಪಿಕೊಳ್ಳಬೇಕಿತ್ತು. ಹೆದರಿಕೆ ಎಂದೋ ಕರಗಿತ್ತು, ಈಗ ಅಡ್ಡ ನಿಂತದ್ದು ಬರೀ ನಾಚಿಕೆ.

ಸಿದ್ಧರಾಮನಿಗೆ ಹತ್ತು ತಿಂಗಳಾದಾಗ ಕೆಮ್ಮು ಹತ್ತಿತು. ಮೊದಲು ಸಾದಾ ನೆಗಡಿ. ಆಮೇಲೆ ಕೆಮ್ಮು ಬಂತೆಂದರೆ ನಿಲ್ಲದು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಕುಡಿದ ಹಾಲೆಲ್ಲ ಹೊರಗೆ. ಕೊನೆಗೆ ಉಸಿರು ಎಳೆದುಕೊಳ್ಳುವಾಗ ಗಂಟಲಲ್ಲಿ ‘ಕೂಂಯ್’ ಎಂಬ ಸದ್ದು. ಆ ಸದ್ದನ್ನು ರೇವವ್ವ ಬಾಗೇವಾಡಿಯ ತರಬೇತಿಯಲ್ಲಿ ಕೇಳಿದ್ದಳು. ಡಾಕ್ಟರು ಮೊಬೈಲಿನಲ್ಲಿ ಹಚ್ಚಿ ತೋರಿಸಿ, "ಇದು ನಾಯಿಕೆಮ್ಮು, ಮರೀಬ್ಯಾಡ್ರಿ" ಎಂದಿದ್ದರು. ಅವಳು ಮರೆತಿರಲಿಲ್ಲ. ಕೇಳಿದವರಿಗೆಲ್ಲ "ಹವಾ ಬದ್ಲಾಗೇತಿ" ಎನ್ನುತ್ತ, ಔಷಧಿ ಅಂಗಡಿಯಿಂದ ಸಿರಪ್ಪು ತಂದು ಕುಡಿಸಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದಾದರೂ ಹೊಟ್ಟೆ ತುಂಬಲೆಂದು, ಇವಳಿಗೆ ಅದೂ ಇಲ್ಲ.

ಅದೇ ಹೊತ್ತಿಗೆ ಎದುರುಮನೆಯಲ್ಲಿ ಆಫ್ರೀನ ಎರಡನೇ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು, ಶಮಾ ಎಂದು ಹೆಸರು. ಹೊಸ ಕೂಸಿನ ಮನೆಗೆ ಆಶಾ ಆಗಾಗ ಹೋಗಿ ತೂಕ ನೋಡಿ, ಜ್ವರ ನೋಡಿ ಬರಬೇಕು. ಇಪ್ಪತ್ತೆಂಟನೆಯ ದಿನ ಕಾವೇರಿ ಏನೋ ಕೆಲಸಕ್ಕೆ ಬಾಗೇವಾಡಿಗೆ ಹೋಗಿದ್ದಳು. ರೇವವ್ವ ಸಿದ್ಧರಾಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಎದುರುಮನೆಗೆ ಹೋದಳು. ಒಳಗೆ ಹೋದವಳೇ ಸೋಪು ಕೇಳಿ, ಮೊಣಕೈತನಕ ಕೈ ತೊಳೆದಳು. ಅದರಲ್ಲಿ ಅವಳು ಎಂದೂ ತಪ್ಪಿದವಳಲ್ಲ. ಅವಳು ಕೈ ತೊಳೆಯುವಾಗ ಸಿದ್ಧರಾಮ ಬಾಣಂತಿಯ ಮಂಚದ ಮೇಲೆ, ಶಮಾಳ ಪಕ್ಕದಲ್ಲಿ ಕೂತಿದ್ದ. ಕೆಮ್ಮು ಬಂತು. ಪಕ್ಕದ ಕೂಸಿನ ಮುಖದ ಮೇಲೇ ಬಗ್ಗಿ ಕೆಮ್ಮಿದ.

"ಅಯ್ಯ, ಎಷ್ಟ ಜೋರ ಕೆಮ್ಮೈತಲ್ಲ ಇವಗ" ಎಂದಳು ಮಾಬುಬಿ.

"ಹವಾ ಬದ್ಲಾಗೇತಿ" ಎಂದಳು ರೇವವ್ವ, ತೂಕದ ಜೋಳಿಗೆ ಬಿಚ್ಚುತ್ತ.

ಹತ್ತು ದಿನಕ್ಕೆ ಶಮಾ ಹಾಲು ಕಚ್ಚುವುದನ್ನು ಕಡಿಮೆ ಮಾಡಿದಳು. ಮೂಗು ಸೋರುತ್ತಿತ್ತು, ಸಣ್ಣಗೆ ಕೆಮ್ಮು. ಅವಳ ಮೊದಲ ಸೂಜಿ ಬರುವ ಗುರುವಾರಕ್ಕಿತ್ತು, ನಾಲ್ಕು ದಿನ ಉಳಿದಿತ್ತು. ಮಾಬುಬಿ, ಆಫ್ರೀನ, ರೇವವ್ವ ಮೂವರೂ ಕೂಸನ್ನು ಕರೆದುಕೊಂಡು ಬಾಗೇವಾಡಿಯ ಮಕ್ಕಳ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಎದೆಗೆ ನಳಿಗೆ ಇಟ್ಟು ನೋಡಿ, "ಮನ್ಯಾಗ, ಓಣ್ಯಾಗ ಯಾರಿಗಾದ್ರೂ ಬಹಳ ದಿನದ ಕೆಮ್ಮು ಐತೇನು?" ಎಂದು ಕೇಳಿದರು. ಮಾಬುಬಿ ರೇವವ್ವನ ಮುಖ ನೋಡಿದಳು. ಅನುಮಾನದಿಂದಲ್ಲ, ಇಂಥದ್ದಕ್ಕೆಲ್ಲ ಉತ್ತರ ಹೇಳುವವಳು ಅವಳೇ ಎಂದು.

"ಹಂಗೇನಿಲ್ರಿ" ಎಂದಳು ರೇವವ್ವ.

"ಸೂಜಿ ತಪ್ಪಿಸಿದ ಮಕ್ಕಳು ಅದಾರೇನು ನಿಮ್ಮ ಊರಾಗ?"

"ಒಬ್ರೂ ಇಲ್ರಿ ಸಾಹೇಬ್ರ."

"ಹಂಗಾದ್ರ ನೆಗಡಿ ಇರಬೇಕು. ಹಾಲು ಬಿಟ್ರ, ಉಸಿರು ತಪ್ಪಿದ್ರ ಒಂದ ನಿಮಿಷ ತಡ ಮಾಡಬ್ಯಾಡ್ರಿ" ಎಂದು ಡಾಕ್ಟರು ಔಷಧ ಬರೆದರು.

ತಿರುಗಿ ಬರುವಾಗ ಟಂಟಂ ರಿಕ್ಷಾದಲ್ಲಿ ಮಾಬುಬಿ ಪಕ್ಕದಲ್ಲಿ ಕೂತಿದ್ದವಳಿಗೆ ರೇವವ್ವನ ಗುಣಗಾನ ಮಾಡುತ್ತಿದ್ದಳು. "ನಮ್ಮ ರೇವಕ್ಕ ಅದಾಳಂತ ನನಗ ಧೈರ್ಯ ನೋಡ್ರಿ. ಕೂಸಿನ ಮುಟ್ಟೂಕಿಂತ ಮೊದ್ಲ ಮೊಣಕೈತನಾ ಕೈ ತೊಳೀತಾಳ." ರೇವವ್ವ ಹೊಲದ ಕಡೆ ಮುಖ ತಿರುಗಿಸಿದಳು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದಳು. ಮಸೂತಿ ಬರುವವರೆಗೆ ಹತ್ತು ಸಲ ಬಾಯಿ ತೆರೆದಳು, ಹತ್ತು ಸಲ ಮುಚ್ಚಿದಳು. ನಾಳೆ ಕೂಸು ಹುಷಾರಾದರೆ ಹೇಳುವ ಪ್ರಸಂಗವೇ ಬರುವುದಿಲ್ಲ ಎಂದು ಒಂದು ಆಸೆ. ಸಣ್ಣ ಕೂಸಿನ ಜೀವವನ್ನು ಒತ್ತೆಯಿಟ್ಟು ತನ್ನ ಮಾನ ಉಳಿಸಿಕೊಳ್ಳುವ ಆಸೆ ಅದು. ಅವಳಿಗೆ ಅದೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅಂಗಳ ಗುಡಿಸುವಾಗ ಎದುರುಮನೆಯಿಂದ ಆಫ್ರೀನಳ ಚೀರಾಟ ಕೇಳಿತು. ರೇವವ್ವ ಕಸಬರಿಗೆ ಒಗೆದು ಓಡಿದಳು. ಶಮಾ ಮಾಬುಬಿಯ ತೋಳಲ್ಲಿ ಸುಮ್ಮನೆ ಬಿದ್ದಿದ್ದಳು, ತುಟಿ ನೀಲಿಗಟ್ಟಿತ್ತು. ರೇವವ್ವ ಕೂಸನ್ನು ಕಸಿದುಕೊಂಡು ಬೆನ್ನು ತಿಕ್ಕಿದಳು, ಅಂಗಾಲು ತಟ್ಟಿದಳು. ಕೂಸು ಒಮ್ಮೆ ಬಿಕ್ಕಿ ಉಸಿರು ಎಳೆದುಕೊಂಡಿತು. ರೇವವ್ವ ಒಂದು ಕೈಯಲ್ಲಿ ನೂರಾ ಎಂಟಕ್ಕೆ ಫೋನು ಹಚ್ಚಿ ಗಾಡಿ ಕರೆದಳು. ಮುಂದಿನ ಫೋನು ಪ್ರಿಯದರ್ಶಿನಿಗೆ. ಅಂಗಳದಲ್ಲಿ ಓಣಿಯ ಹೆಂಗಸರು ಕೂಡಿದ್ದರು, ಮಾಬುಬಿ ಎದುರಿಗೇ ನಿಂತಿದ್ದಳು.

"ಸಿಸ್ಟರ್, ಶಮಾಗ ನಾಯಿಕೆಮ್ಮು ಐತ್ರಿ. ನಮ್ಮ ಸಿದ್ಧರಾಮಂದು ಹತ್ತೇತಿ. ಅವಗ ಒಂದ ಸೂಜಿ ಆಗೇತ್ರಿ, ಎರಡು ಆಗಿಲ್ಲ. ತವರಿನ್ಯಾಗ ಆಗ್ಯಾವಂತ ನಾ ಸುಳ್ಳ ಹೇಳಿದ್ದೆ."

ಪ್ರಿಯದರ್ಶಿನಿ, "ಈಗ ಬೈಯೂ ಹೊತ್ತಲ್ಲ. ವಿಜಯಪುರಕ್ಕ ಒಯ್ರಿ, ಅಲ್ಲಿ ಡಾಕ್ಟರಗ ಇದನ್ನ ಇದ್ದಂಗ ಹೇಳ್ರಿ" ಎಂದು ಫೋನು ಇಟ್ಟಳು.

ಮಾಬುಬಿ ಮುಂದೆ ಬಂದು ಕೂಸನ್ನು ರೇವವ್ವನ ಕೈಯಿಂದ ತೆಗೆದುಕೊಂಡಳು. ಕಣ್ಣಲ್ಲಿ ನೀರಿರಲಿಲ್ಲ.

"ನಮ್ಮ ಯುನೂಸಗ ಜ್ವರ ಬಂದಾಗ ಇದ ಕಟ್ಟಿ ಮ್ಯಾಲೆ ಕುಂತು ನನಗ ಏನಂದಿದ್ದಿ ನೀ? ನಿನ್ನ ಮೊಮ್ಮಗನ ತೊಡಿ ಬೆಣ್ಣೀದು, ನಮ್ಮ ಮಕ್ಕಳದು ಕಟಗೀದೇನ ರೇವಕ್ಕ?"

ಹನ್ನೆರಡು ವರ್ಷದಲ್ಲಿ ರೇವವ್ವನ ಬಾಯಿ ಕಟ್ಟಿದ್ದು ಅದೇ ಮೊದಲು. ಗಾಡಿ ಬಂದಾಗ ಅವಳು ಹತ್ತಿ ಬಾಗಿಲ ಬಳಿ ಮುದುಡಿ ಕೂತಳು, ಬೇಡವೆಂದು ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ.

ವಿಜಯಪುರದ ಆಸ್ಪತ್ರೆಯಲ್ಲಿ ಶಮಾ ಹನ್ನೊಂದು ದಿನ ಇದ್ದಳು. ಮೂಗಿಗೆ ನಳಿಗೆ, ಕೈಗೆ ಸಲಾಯಿನ್. ಅಲ್ಲಿಯ ಡಾಕ್ಟರಮ್ಮ ರೇವವ್ವನ ಮಾತನ್ನೆಲ್ಲ ಕೇಳಿ, "ಮೂರೂ ಸೂಜಿ ಆಗಿದ್ರೂ ಕೆಮ್ಮು ಬರೂದ ಇಲ್ಲ ಅಂತ ನಾ ಹೇಳಂಗಿಲ್ಲ. ಆದ್ರ ಬರೂದು ಕಡಿಮಿ, ಬಂದ್ರೂ ಇಷ್ಟ ಜೋರ ಇರಂಗಿಲ್ಲ, ಬ್ಯಾರೆ ಕೂಸಿಗೆ ಹತ್ತೂದೂ ಕಡಿಮಿ. ಇನ್ನೂ ಸೂಜಿ ವಯಸ್ಸಾಗದ ಕೂಸಿಗೆ ಸುತ್ತಲಿನ ಸೂಜಿ ಆದ ಮಕ್ಕಳ ಕಾವಲು. ನಿಮಗ ನಾ ಹೇಳಿಕೊಡಬೇಕೇನು?" ಎಂದರು. ‘ನಿನ್ನೆ ಯಾಕೆ ಹೇಳಲಿಲ್ಲ’ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತು ಎಂದು ರೇವವ್ವನಿಗೆ ಅನ್ನಿಸಿತು. ಕೆಮ್ಮು ಮತ್ತೆ ಹರಡದಿರಲೆಂದು ಎರಡೂ ಮನೆಯ ಎಲ್ಲರಿಗೂ, ಸಿದ್ಧರಾಮನಿಗೂ ಗುಳಿಗೆ, ಔಷಧ ಕೊಟ್ಟರು.

ಮನೆಗೆ ಬಂದರೆ ಕಾವೇರಿ ಟ್ರಂಕು ಬಿಚ್ಚಿ ಕೂತಿದ್ದಳು. ತಾಯಿ ಕಾರ್ಡು ಅವಳ ಕೈಯಲ್ಲಿತ್ತು.

"ಸಿಸ್ಟರ್ ಬ್ಯಾಡ ಅಂದಾರಂತ ಹೇಳಿದ್ರಲ್ರಿ ಅತ್ತಿ? ಜ್ವರ ಬಂದ್ರೂ ಸೂಜಿ ಹಾಕಸಬೇಕಂತ ನಾ ಮೊಬೈಲದಾಗ ಓದಿ ಹೇಳಿದ್ರ, ‘ನನಗಿಂತ ನಿನಗ ಜಾಸ್ತಿ ತಿಳೀತೈತೇನ’ ಅಂದಿದ್ರಿ." ಅಷ್ಟೇ ಹೇಳಿ ಅವಳು ಕಾರ್ಡನ್ನು ತನ್ನ ಹತ್ತಿರ ಇಟ್ಟುಕೊಂಡಳು, ಮತ್ತೆ ಅತ್ತೆಯ ಕೈಗೆ ಕೊಡಲಿಲ್ಲ.

ಊರು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಊರು ಬೇರೆಯದೇ ಅರ್ಥ ಮಾಡಿಕೊಂಡಿತು. ‘ಆಶಾನೇ ತನ್ನ ಮೊಮ್ಮಗನಿಗೆ ಹಾಕಿಸಿಲ್ಲ ಎಂದರೆ ಆ ಸೂಜಿಯಲ್ಲಿ ಏನೋ ಇರಬೇಕು’ ಎಂದು ನೀರಿನ ಟಾಕಿಯ ಹತ್ತಿರ ಮಾತಾಯಿತು. ಮುಂದಿನ ಗುರುವಾರ ಹದಿನಾಲ್ಕು ಕೂಸುಗಳು ಬರಬೇಕಾದಲ್ಲಿ ಐದು ಬಂದವು. ಅದರ ಮುಂದಿನ ವಾರ ಮೂರು. ರೇವವ್ವ ಮನೆಮನೆಗೂ ಹೋದಳು. ಈಗ ಕಟ್ಟೆಯ ಮೇಲೆ ಕೂರುವ ಮುಖ ಅವಳಿಗಿರಲಿಲ್ಲ, ನಿಂತೇ ಹೇಳಿದಳು: "ಸೂಜ್ಯಾಗ ಏನೂ ಇಲ್ಲವಾ. ತಪ್ಪು ನಂದು. ನಾ ಹೆದರಿದೆ, ಸುಳ್ಳ ಹೇಳಿದೆ." ಹೆಂಗಸರು ತಲೆಯಾಡಿಸುವರು, ಬಾಗಿಲು ಮುಂದೆ ಮಾಡುವರು. ತಾನು ಹನ್ನೆರಡು ವರ್ಷ ಆಡಿದ ಮಾತಿಗಿಂತ ಆಡದೆ ಬಚ್ಚಿಟ್ಟ ಒಂದು ಕಾರ್ಡನ್ನೇ ಊರು ಹೆಚ್ಚು ನಂಬಿತಲ್ಲ ಎಂದುಕೊಳ್ಳುತ್ತ ಅವಳು ಮುಂದಿನ ಮನೆಗೆ ನಡೆಯುವಳು. ಆಶಾ ಕೆಲಸ ಬಿಡುತ್ತೇನೆಂದು ಪ್ರಿಯದರ್ಶಿನಿಗೆ ಹೇಳಿದರೆ, "ಹೊಲಸು ಮಾಡಿ ಎದ್ದ ಹೋಗ್ತೀರೇನು? ಬಳದ ಹೋಗ್ರಿ" ಎಂದು ಆಕೆ ಪಟ್ಟಿಯನ್ನು ಕೈಗಿಟ್ಟಳು.

ಶಮಾ ಮನೆಗೆ ಬಂದು ಚೇತರಿಸಿಕೊಂಡ ಮೇಲಿನ ಒಂದು ಗುರುವಾರ. ಅಂಗನವಾಡಿಯಲ್ಲಿ ಕಾವೇರಿ ಸಿದ್ಧರಾಮನನ್ನು ಎತ್ತಿಕೊಂಡು ಕೂತಿದ್ದಳು. ಅವನ ಕೆಮ್ಮು ಇಳಿದಿತ್ತು, ಬಿಟ್ಟಲ್ಲಿಂದಲೇ ಎರಡನೇ ಸೂಜಿ ಹಾಕಬಹುದೆಂದು ಪ್ರಿಯದರ್ಶಿನಿ ಹೇಳಿದ್ದಳು. ಬಾಗಿಲಲ್ಲಿ ನಾಲ್ಕಾರು ಹೆಂಗಸರು ಒಳಗೂ ಬರದೆ, ಹೊರಗೂ ಹೋಗದೆ ನಿಂತಿದ್ದರು. ಅವರನ್ನು ಸರಿಸಿಕೊಂಡು ಮಾಬುಬಿ ಬಂದಳು, ಹಿಂದೆ ಶಮಾಳನ್ನು ಎತ್ತಿಕೊಂಡ ಆಫ್ರೀನ. ಆಸ್ಪತ್ರೆಯಿಂದ ಬಂದಂದಿನಿಂದ ಮಾಬುಬಿ ರೇವವ್ವನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ರೇವವ್ವ ಕಳಿಸಿದ ರೊಟ್ಟಿಯ ಬುಟ್ಟಿ ಮುಚ್ಚಿದ್ದು ಮುಚ್ಚಿದಂತೆಯೇ ತಿರುಗಿ ಬಂದಿತ್ತು.

"ಶಮಾಳ ಕಾಲು ಹಿಡೀರಿ ರೇವಕ್ಕ" ಎಂದಳು ಪ್ರಿಯದರ್ಶಿನಿ.

"ಮೊದ್ಲ ಅಕೀ ಮೊಮ್ಮಗಂದು ಆಗಲಿ" ಎಂದಳು ಮಾಬುಬಿ, ಯಾರ ಮುಖವನ್ನೂ ನೋಡದೆ. "ನಾವು ನೋಡತೇವಿ."

ರೇವವ್ವ ಸಿದ್ಧರಾಮನನ್ನು ತೊಡೆಯ ಮೇಲೆ ಹಾಕಿಕೊಂಡಳು. ಅವಳು ಅವನ ಕಾಲು ಬಿಗಿಯಾಗಿ ಹಿಡಿದದ್ದನ್ನು ಬಾಗಿಲಲ್ಲಿದ್ದವರೆಲ್ಲ ನೋಡಿದರು. ಸೂಜಿ ಹೊಕ್ಕಿತು, ಕೂಸು ಚೀರಿತು. ಆಮೇಲೆ ಮಾಬುಬಿ ಆಫ್ರೀನಳ ಕೈಯಿಂದ ಶಮಾಳನ್ನು ತೆಗೆದುಕೊಂಡು ತಾನೇ ಕಾಲು ಹಿಡಿದಳು. ಬಾಗಿಲಲ್ಲಿದ್ದ ಹೆಂಗಸರಲ್ಲಿ ಇಬ್ಬರು ಒಳಗೆ ಬಂದು ಕೂತರು.

ಮರುದಿನ ಸಿದ್ಧರಾಮನಿಗೆ ಜ್ವರ ಬಂತು. ಒಳಗೆ ಮಲಗಿಸೋಣ ಎಂದಳು ಕಾವೇರಿ. ರೇವವ್ವ ಒಪ್ಪಲಿಲ್ಲ, ಅವನನ್ನು ಎತ್ತಿಕೊಂಡು ಹೊರಗೆ ಕಟ್ಟೆಯ ಮೇಲೆ ಕೂತಳು. ಇನ್ನು ಮುಚ್ಚಿಡುವುದು ಅವಳಿಂದ ಆಗದು. ಹೋಗಿಬರುವವರು ನೋಡಿದರು, ಒದ್ದೆ ಬಟ್ಟೆ ನೋಡಿದರು, ಅಳು ಕೇಳಿದರು. ಹೊತ್ತು ಏರಿದ ಮೇಲೆ ಎದುರುಮನೆಯ ಬಾಗಿಲು ತೆರೆದು ಮಾಬುಬಿ ಓಣಿ ದಾಟಿ ಬಂದಳು. ಕೂಸಿನ ಹಣೆಗೆ ಕೈ ಹಿಂಬದಿ ಇಟ್ಟು ನೋಡಿದಳು.

"ಜ್ವರ ಬಂದ್ರ ಸೂಜಿ ಹತ್ತೇತಿ ಅಂತ ತಿಳಿ" ಎಂದಳು.

ರೇವವ್ವ ಕೂಸಿನೊಂದಿಗೆ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದಳು. ಮಾಬುಬಿ ಕೂರಲಿಲ್ಲ, ಬಂದ ದಾರಿಯಲ್ಲೇ ತಿರುಗಿ ಹೋಗಿ ತನ್ನ ಮನೆಯ ಬಾಗಿಲು ಮುಂದೆ ಮಾಡಿಕೊಂಡಳು. ರೇವವ್ವ ತಲೆ ತಗ್ಗಿಸಿ ಕೂಸಿನ ಹಣೆಯ ಬಟ್ಟೆಯನ್ನು ಹಿಂಡಿ ಮತ್ತೆ ಹಾಕಿದಳು.